ನಾಕಾ ನಡೆದು ಬಂದ ದಾರಿ

ರಾತ್ರಿ ಮುಂಬೈ ಬಿಟ್ಟ ಹುಸೇನ್‌ಸಾಗರ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತಿಗೆ ವಾಡಿ ಜಂಕ್ಷನ್ ಮುಟ್ಟುತ್ತದೆ. ರಾಯಚೂರಿನ ಕಡೆಯ ಹಳಿ ಬಿಟ್ಟು ಪೂರ್ವಕ್ಕೆ ತಿರುಗುತ್ತದೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ ಒಂದೊಂದಾಗಿ ಹಿಂದೆ ಸರಿಯುತ್ತವೆ. ಆಮೇಲೆ ಬರುವ ನಾವಂದಗಿಯ ನಾಮಫಲಕದ ಮೇಲೆ ತೆಲುಗು ಕಾಣುತ್ತದೆ, ಮುಂದಿನದು ತಾಂಡೂರು. ಎರಡೂ ಕಡೆ ಅದೇ ಕಪ್ಪು ನೆಲ, ಅದೇ ತೊಗರಿ, ಅದೇ ಚಪ್ಪಟೆ ಸುಣ್ಣದ ಕಲ್ಲಿನ ಗಣಿಗಳು. ಕಿಟಕಿ ಪಕ್ಕ ಕೂತವರಿಗೆ ಗಡಿ ದಾಟಿದ್ದು ತಿಳಿಯುವುದೇ ಇಲ್ಲ. ಯಾರೂ ಬಂದು ಏನೂ ಕೇಳುವುದಿಲ್ಲ.

ಇದು ಮೊದಲಿನಿಂದ ಹೀಗೆಯೇ ಇರಲಿಲ್ಲ. ಈ ಸೀಮೆಯಲ್ಲಿ ಒಂದೂವರೆ ಶತಮಾನದಲ್ಲಿ ತಪಾಸಣೆಯ ಕಟ್ಟೆಗಳು ಎದ್ದಿವೆ, ಬಿದ್ದಿವೆ, ಮತ್ತೆ ಎದ್ದಿವೆ. ಪ್ರತಿ ಸಲವೂ ತಡೆದವರು ಬೇರೆ, ಕೇಳಿದ ಕಾಗದ ಬೇರೆ.

ಕಥೆ ಶುರುವಾಗುವುದು ರೈಲಿನಿಂದಲೇ. ಬ್ರಿಟಿಷರ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ್, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರು ತಲುಪಿತು. ಅಲ್ಲಿ ಮದ್ರಾಸಿನಿಂದ ಬಂದ ಹಳಿಗೆ ಕೂಡಿಕೊಂಡಿತು. ನಿಜಾಮರ ನೆಲದ ಎದೆಯ ಮೇಲೆಯೇ ಮುಂಬೈ–ಮದ್ರಾಸ್ ದಾರಿ ಹಾದುಹೋದರೂ ರಾಜಧಾನಿಗೆ ರೈಲಿರಲಿಲ್ಲ. ಸಿಕಂದರಾಬಾದಿನ ದಂಡು ಪ್ರದೇಶಕ್ಕೆ ಸೈನ್ಯ, ಸಾಮಾನು ಸಾಗಿಸುವ ಆತುರ ಬ್ರಿಟಿಷರಿಗಿತ್ತು. ದಿವಾನ ಸಾಲಾರ್ ಜಂಗ್ ಕಾಲದಲ್ಲಿ, ಹೈದರಾಬಾದ್ ಸಂಸ್ಥಾನದ ಖರ್ಚಿನಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿದರು. 1874ರ ಅಕ್ಟೋಬರಿನಲ್ಲಿ ಅದು ತೆರೆಯಿತು. ಚಿತ್ತಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ಅಂದಿನಿಂದ ಹೈದರಾಬಾದ್ ಸಂಸ್ಥಾನದ ಹೆಬ್ಬಾಗಿಲಾಯಿತು.

ಆ ಬಾಗಿಲ ಒಳಗೆ ಬೇರೆಯೇ ಲೋಕವಿತ್ತು. ಹೈದರಾಬಾದಿಗೆ ತನ್ನದೇ ಅಂಚೆ, ತನ್ನದೇ ನಾಣ್ಯ, ಮುಂದೆ 1918ರಿಂದ ತನ್ನದೇ ನೋಟು. ತನ್ನದೇ ಸುಂಕದ ಖಾತೆಯೂ ಇತ್ತು. ಅದರ ಹೆಸರು ಕರೋಡಗಿರಿ. 1802ರ ವ್ಯಾಪಾರ ಒಪ್ಪಂದದಂತೆ ಹೊರಗಿನ ಸರಕಿನ ಮೇಲೆ ಶೇ 5ರಷ್ಟು ಸುಂಕ. ಗಡಿಯ ನಾಕಾಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಕರೋಡಗಿರಿಯವರು ಗಂಟು ಬಿಚ್ಚಿಸುತ್ತಿದ್ದರು. ಸೊಲ್ಲಾಪುರದ ಜವಳಿಯೇ ಇರಲಿ, ಮದುವೆಗೆಂದು ಕೊಂಡ ಪಾತ್ರೆಯೇ ಇರಲಿ, ಒಳಗೆ ಬರುವುದಕ್ಕೆ ಲೆಕ್ಕ ಬೇಕಿತ್ತು. ಕೈಯಲ್ಲಿನ ದುಡ್ಡೂ ಬದಲಾಗಬೇಕಿತ್ತು. ಬ್ರಿಟಿಷ್ ರೂಪಾಯಿ ‘ಕಲ್ದಾರ್’, ನಿಜಾಮರದು ‘ಹಾಲಿ ಸಿಕ್ಕಾ’. ಆರು ಕಲ್ದಾರ್ ಕೊಟ್ಟರೆ ಏಳು ಹಾಲಿ. ಕಲಬುರಗಿ ಸೀಮೆಯ ಹಿರಿಯರ ಮಾತಿನಲ್ಲಿ ಈ ಎರಡು ಶಬ್ದಗಳು ಬಹುಕಾಲ ಉಳಿದವು. ಉಳಿಯದೆ ಏನು? ಒಂದು ಜಿಲ್ಲೆ ದಾಟಿ ಪೇಟೆಗೆ ಹೋದರೆ ದುಡ್ಡಿನ ಬೆಲೆಯೇ ಬೇರೆಯಾಗುತ್ತಿತ್ತು.

ಇದಕ್ಕಿಂತ ವಿಚಿತ್ರವಾದ ಗಡಿ ಇನ್ನೊಂದಿತ್ತು. ಸಂಸ್ಥಾನದೊಳಗೆ ಹಾದ ರೈಲು ಹಳಿಯ ಜಮೀನಿನ ಮೇಲಿನ ನ್ಯಾಯಾಧಿಕಾರವನ್ನು ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಪ್ಲಾಟ್‌ಫಾರಂ ಮೇಲೆ ಒಂದು ಕಾನೂನು, ನಿಲ್ದಾಣದ ಹೊರಗಿನ ಟಾಂಗಾ ಸ್ಟ್ಯಾಂಡಿನಲ್ಲಿ ಇನ್ನೊಂದು. ಗಡಿ ದೂರದ ಕಾಡಿನಲ್ಲಿ ಇರಲಿಲ್ಲ, ಪ್ರಯಾಣಿಕನ ಕಾಲಡಿಯಲ್ಲೇ ಇತ್ತು. ಈ ಅಧಿಕಾರ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟಿತು. ನಿಜಾಮರ ಪ್ರಜೆ ಮೊಹಮ್ಮದ್ ಯೂಸುಫುದ್ದೀನ್ ಅವರನ್ನು ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟ್ ಹಿಡಿದು ಸಂಸ್ಥಾನದ ರೈಲು ನಿಲ್ದಾಣವೊಂದರಲ್ಲಿ ಬಂಧಿಸಿದ್ದರು. ಬಿಟ್ಟುಕೊಟ್ಟದ್ದು ರೈಲ್ವೆ ಆಡಳಿತಕ್ಕೆ ಬೇಕಾದಷ್ಟು ಅಧಿಕಾರ ಮಾತ್ರ, ಈ ಬಂಧನ ಅಕ್ರಮ ಎಂದು 1897ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಸಾಮ್ರಾಜ್ಯ ತುತ್ತತುದಿಯಲ್ಲಿದ್ದ ದಿನಗಳಲ್ಲಿ ಬಂದ ತೀರ್ಪು ಇದು ಎಂಬುದನ್ನು ಗಮನಿಸಬೇಕು.

ಪರರ ನೆಲದಲ್ಲಿ ನಿಂತು ತಮ್ಮ ಕಾನೂನು ನಡೆಸುವ ಈ ಪದ್ಧತಿ ಈಗ ಲಂಡನ್ನಿನಲ್ಲಿಯೇ ಇದೆ. ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್ ರೈಲು ಹತ್ತಲು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ ಬಂದವರ ಪಾಸ್‌ಪೋರ್ಟನ್ನು ಫ್ರಾನ್ಸಿನ ಪೊಲೀಸರು ಅಲ್ಲೇ, ಬ್ರಿಟನ್ನಿನ ನೆಲದ ಮೇಲೆ ನಿಂತು ನೋಡುತ್ತಾರೆ. ಡೋವರ್ ಬಂದರಿನಲ್ಲೂ ಹಾಗೆಯೇ. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರುವವರೆಗೆ ಇದು ಯಾರಿಗೂ ಭಾರವೆನಿಸಲಿಲ್ಲ. ಪಾಸ್‌ಪೋರ್ಟ್ ತೋರಿಸು, ನಡೆ. 2016ರ ಜೂನ್ 23ರ ಜನಮತಗಣನೆಯಲ್ಲಿ ಬ್ರಿಟನ್ನಿನವರು ಒಕ್ಕೂಟ ಬಿಡಲು ಮತ ಹಾಕಿದರು. 2020ರ ಕೊನೆಗೆ ಮುಕ್ತ ಓಡಾಟವೂ ಮುಗಿಯಿತು. ಅಲ್ಲಿಂದ ಮುಂದೆ 180 ದಿನಗಳಲ್ಲಿ 90 ದಿನ ಮಾತ್ರ ವಾಸ; ಹೋಗುವಾಗ ಒಂದು ಮುದ್ರೆ, ಬರುವಾಗ ಒಂದು ಮುದ್ರೆ. 2022ರ ಜುಲೈಯಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದಾಗ ಡೋವರಿನಲ್ಲಿ ಕಾರುಗಳು ಗಂಟೆಗಟ್ಟಲೆ ನಿಂತವು.

ಮುದ್ರೆಯ ಜಾಗಕ್ಕೆ ಈಗ ಯಂತ್ರ ಬಂದಿದೆ. 2025ರ ಅಕ್ಟೋಬರ್ 12ರಿಂದ ಯುರೋಪಿನ ಷೆಂಗೆನ್ ವಲಯದ 29 ದೇಶಗಳು ಹೊಸ ‘ಪ್ರವೇಶ–ನಿರ್ಗಮನ ವ್ಯವಸ್ಥೆ’ಯನ್ನು ಹಂತಹಂತವಾಗಿ ತಂದವು. ಒಕ್ಕೂಟದ ಹೊರಗಿನವರು ಮೊದಲ ಸಲ ಬಂದಾಗ ಮುಖದ ಚಿತ್ರ, ನಾಲ್ಕು ಬೆರಳಿನ ಅಚ್ಚು ಕೊಡಬೇಕು. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ. ದಾಖಲೆ ಮೂರು ವರ್ಷ ಉಳಿಯುತ್ತದೆ. ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಹೆಚ್ಚಾದರೂ ಒಂದು ವಿಮಾನದ ಜನ ಇಳಿದಾಗ ಆ ನಿಮಿಷಗಳು ಗುಡ್ಡೆಯಾಗುತ್ತವೆ. ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಸಾಲು ಎಷ್ಟು ಉದ್ದವಾಯಿತೆಂದರೆ, ಪೋರ್ಚುಗಲ್ ಸರ್ಕಾರ 2025ರ ಡಿಸೆಂಬರ್ ಕೊನೆಗೆ ಅಲ್ಲಿ ಈ ವ್ಯವಸ್ಥೆಯನ್ನು ಮೂರು ತಿಂಗಳು ನಿಲ್ಲಿಸಿತು. ಇದರ ಬೆನ್ನಿಗೆ, ಹೊರಡುವ ಮುಂಚೆಯೇ 20 ಯೂರೋ ಕಟ್ಟಿ ಪಡೆಯಬೇಕಾದ ಅನುಮತಿಯೂ ಬರಲಿದೆ.

ಬ್ರಿಟನ್ನಿನ ಪತ್ರಿಕೆಗಳಲ್ಲಿ ಈ ಸಾಲುಗಳದ್ದು ದೊಡ್ಡ ಸುದ್ದಿ. ಕಲಬುರಗಿಯಿಂದ ಹೋದವರಿಗೆ ಅದು ಹೊಸತಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗಲೇ ಹತ್ತೂ ಬೆರಳಿನ ಅಚ್ಚು, ಬ್ಯಾಂಕಿನ ಲೆಕ್ಕ, ಹೋಟೆಲಿನ ಕಾಗದ ಎಲ್ಲ ಕೊಟ್ಟು ಕಾಯುತ್ತಾ ಬಂದಿದ್ದಾರೆ. ಲಂಡನ್ ಈ ಸೀಮೆಗೆ ತೀರ ಪರಕೀಯವೂ ಅಲ್ಲ. ಥೇಮ್ಸ್ ದಂಡೆಯಲ್ಲಿ, ಬ್ರಿಟಿಷ್ ಸಂಸತ್ತಿನ ಎದುರು ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆ ದುಡಿದವರು ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ, ಕಲಬುರಗಿ ಜಿಲ್ಲೆಯವರು. ಅಲ್ಲಿ ನೆಲೆಸಿ ಬ್ರಿಟಿಷ್ ಪ್ರಜೆಗಳಾದ ಕನ್ನಡ ಕುಟುಂಬಗಳು ಆ ಪಾಸ್‌ಪೋರ್ಟಿನ ಜತೆ ಯುರೋಪಿನ ತೆರೆದ ಬಾಗಿಲನ್ನೂ ಪಡೆದಿದ್ದವು. ಆ ಬಾಗಿಲಲ್ಲಿ ಈಗ ಅವರೂ ಬೆರಳು ಒತ್ತಬೇಕು.

ವಾಡಿಗೆ ಮರಳೋಣ. ಇಲ್ಲಿಯ ಗಡಿ ಅತಿ ಕಠಿಣವಾದದ್ದು ಕೇವಲ 13 ತಿಂಗಳು. ಆದರೆ ಆ ತಿಂಗಳುಗಳ ನೆನಪು ಇನ್ನೂ ಆರಿಲ್ಲ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಹೈದರಾಬಾದ್ ಹೊರಗೇ ಉಳಿಯಿತು. ನವೆಂಬರ್ 29ರಂದು ಭಾರತದ ಜತೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ನಿಜಾಮ್ ಸರ್ಕಾರ ಎರಡು ಆಜ್ಞೆ ಹೊರಡಿಸಿತು: ಬೆಳ್ಳಿಬಂಗಾರ ಹೊರಗೆ ಒಯ್ಯುವಂತಿಲ್ಲ, ಭಾರತದ ರೂಪಾಯಿ ಸಂಸ್ಥಾನದೊಳಗೆ ಚಲಾವಣೆಯಲ್ಲಿಲ್ಲ. ಈ ಕಡೆಯಿಂದ ಭಾರತದ ಆರ್ಥಿಕ ದಿಗ್ಬಂಧನ; ಉಪ್ಪು, ಪೆಟ್ರೋಲ್, ಔಷಧಿಗೆ ಕೊರತೆಯಾಗಿದೆ ಎಂದು ಹೈದರಾಬಾದ್ ದೂರಿತು. ನಿಜಾಮರ ಪರ ನಿಂತಿದ್ದ ರಜಾಕಾರರ ಹಾವಳಿಗೆ ಊರು ಬಿಟ್ಟವರು ಗಡಿಯಾಚೆ ಆಸರೆ ಹುಡುಕಿದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. 1948ರ ಮೇ 22ರಂದು ಕಲಬುರಗಿ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸಿನಿಂದ ಮುಂಬೈಗೆ ಹೊರಟ ರೈಲಿನ ಮೇಲೆ ದಾಳಿಯಾಯಿತು. ಆಮೇಲೆ ಈ ಹಳಿಯ ಮೇಲೆ ರೈಲುಗಳು ಸಶಸ್ತ್ರ ಕಾವಲಿನಲ್ಲಿ ಓಡಿದವು. ಪ್ರಯಾಣಿಕರು ಭಾರತದಿಂದ ಹೊರಟು ಭಾರತಕ್ಕೇ ಹೋಗುವವರು. ನಡುವಿನ ಕೆಲವು ತಾಸು ಮಾತ್ರ ಬೇರೆ ದೇಶ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂದು 17ಕ್ಕೆ ಎಲ್ಲ ಮುಗಿಯಿತು. ನಾಕಾಗಳು ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಸಂವಿಧಾನದ 301ನೇ ವಿಧಿ ದೇಶದುದ್ದಕ್ಕೂ ವ್ಯಾಪಾರ ಮುಕ್ತ ಎಂದರೆ, 306ನೇ ವಿಧಿ ಹಿಂದಿನ ಸಂಸ್ಥಾನಗಳಿಗೆ ಆಂತರಿಕ ಸುಂಕವನ್ನು ಕೆಲಕಾಲ ಇಟ್ಟುಕೊಳ್ಳಲು ದಾರಿ ಬಿಟ್ಟಿತ್ತು. ಸುಂಕವೇ ಬೊಕ್ಕಸದ ಆಧಾರವಾಗಿದ್ದಾಗ ಅದನ್ನು ಒಂದೇ ದಿನದಲ್ಲಿ ಕಿತ್ತುಹಾಕಲಾಗದು. ಹಾಲಿ ಸಿಕ್ಕಾ ಕೂಡ ಭಾರತದ ರೂಪಾಯಿಯ ಜತೆಗೆ 1959ರವರೆಗೆ ಓಡಾಡಿತು. ಬರಿ ಸೈನ್ಯ ಬಂದರೆ ಗಡಿ ಅಳಿಯುವುದಿಲ್ಲ. ತಕ್ಕಡಿ, ನಾಣ್ಯ, ರಸೀದಿ ಒಂದಾಗಲು ವರ್ಷಗಳು ಬೇಕಾದವು.

ಹಳೆಯ ಗಡಿ ಹೀಗೆ ಕರಗುತ್ತಿದ್ದಾಗಲೇ ಹೊಸದೊಂದು ಬಂತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದಾಗ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು; ಆದರೆ ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು, ಈಗ ಅವು ತೆಲಂಗಾಣದಲ್ಲಿವೆ. ನಿನ್ನೆಯವರೆಗೆ ಸೇಡಂನವರಿಗೂ ತಾಂಡೂರಿನವರಿಗೂ ಒಂದೇ ಜಿಲ್ಲಾ ಕಚೇರಿ. ಭಾಷೆಯ ಗೆರೆ ಎಳೆದವರ ಕೆಲಸ ಸುಲಭವಿರಲಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇದೇ ಸೇಡಂ ತಾಲ್ಲೂಕಿನಲ್ಲಿದೆ. ಅಲ್ಲಿಯ ಆಸ್ಥಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತು. ಸಾವಿರ ವರ್ಷದ ನಂತರ ಆ ಊರಿನಿಂದ ಪೂರ್ವಕ್ಕೆ ಕೆಲವೇ ನಿಲ್ದಾಣ ದಾಟಿದರೆ ರಾಜ್ಯ ಮುಗಿಯುತ್ತದೆ. ಚಿಂಚೋಳಿಯ ಕುಂಚಾವರಂ ಕಡೆಯ ಊರುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ತೊಗರಿಗೂ ಈಗ ಎರಡು ಗುರುತು: ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ.

ಎರಡು ರಾಜ್ಯವೆಂದರೆ ಎರಡು ಮಾರಾಟ ತೆರಿಗೆ. ಎರಡು ತೆರಿಗೆಯೆಂದರೆ ನಡುವೆ ಚೆಕ್‌ಪೋಸ್ಟ್. ಕರೋಡಗಿರಿ ಹೋದ ಜಾಗದಲ್ಲಿ ವಾಣಿಜ್ಯ ತೆರಿಗೆಯ ಅಡ್ಡಗಂಬ ಬಂತು. ಶಹಾಬಾದಿನ ಫರಸಿ, ವಾಡಿಯ ಸಿಮೆಂಟು, ಸೇಡಂನ ತೊಗರಿ ಹೊತ್ತ ಲಾರಿಗಳು ಬಿಲ್ಲು, ಪರ್ಮಿಟ್ಟು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವು. ಡ್ರೈವರ್ ಲಾರಿಯಡಿಯಲ್ಲಿ ಮಲಗುತ್ತಿದ್ದ, ಕ್ಲೀನರ್ ಕಾಗದ ಹಿಡಿದು ಕಿಟಕಿಯೆದುರು ನಿಲ್ಲುತ್ತಿದ್ದ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಆ ಅಡ್ಡಗಂಬ ಎದ್ದುಹೋಯಿತು. 2018ರ ಏಪ್ರಿಲ್ 1ರಿಂದ 50,000 ರೂಪಾಯಿಗೂ ಮೇಲ್ಪಟ್ಟ ಸರಕು ರಾಜ್ಯ ದಾಟಬೇಕಾದರೆ ಇ–ವೇ ಬಿಲ್ ಸಾಕು. ನಾಕಾ ಈಗ ಕಂಪ್ಯೂಟರಿನಲ್ಲಿ; ಲಾರಿ ಹೊರಡುವ ಮುಂಚೆಯೇ ಅದರ ಮುಂದೆ ನಿಂತು ಬರಬೇಕು. ಯುರೋಪಿನವರೂ ಅದನ್ನೇ ಮಾಡಹೊರಟಿದ್ದಾರೆ, ಆದರೆ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಸರಕನ್ನಲ್ಲ, ಮನುಷ್ಯರನ್ನು.

ಮನುಷ್ಯರನ್ನು ತಡೆಯುವ ದಿನ ಇಲ್ಲಿಗೂ ಬಂತು. ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು 2020ರ ಮಾರ್ಚಿನಲ್ಲಿ ದೃಢಪಟ್ಟದ್ದು ಕಲಬುರಗಿಯಲ್ಲೇ. ಆ ತಿಂಗಳ ಕೊನೆಗೆ ಸೇಡಂ ತಾಲ್ಲೂಕಿನ ರಿಬ್ಬನಪಲ್ಲಿ, ಚಿಂಚೋಳಿ ತಾಲ್ಲೂಕಿನ ಮಿರಿಯಾಣದಂಥ ಗಡಿ ಊರುಗಳ ರಸ್ತೆಗೆ ಅಡ್ಡ ಬಿತ್ತು. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಮರಳಿ ಬರಬೇಕೆಂದರೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ ಪಾಸ್ ಪಡೆಯಬೇಕಿತ್ತು. ಇಟ್ಟಿಗೆ ಹೊರುವ ಕೈಗೆ ಪಾಸು ಎಲ್ಲಿಂದ ಬರಬೇಕು? ಸ್ಮಾರ್ಟ್‌ಫೋನ್ ಇದ್ದವರು ದಾಟಿದರು, ಇಲ್ಲದವರು ಕಾದರು, ಇಲ್ಲವೇ ನಡೆದರು. ರೋಗ ತಡೆಯಲು ಗಡಿ ಮುಚ್ಚುವುದು ತಪ್ಪೆನ್ನಲಾಗದು. ತನ್ನ ಊರಿಗೇ ಹೋಗುವ ಮನುಷ್ಯ ಒಂದು ಕಾಗದವಿಲ್ಲದ್ದಕ್ಕೆ ರಸ್ತೆಯ ಮೇಲೆ ಉಳಿದದ್ದು ಮಾತ್ರ ತಪ್ಪೇ. ಆ ಕಾಗದ ಮಾಡಿದವರು ಅವನನ್ನು ಎದುರಿಗಿಟ್ಟುಕೊಂಡು ಮಾಡಿರಲಿಲ್ಲ.

ಈಗ ಈ ರಸ್ತೆಗಳಲ್ಲಿ ನಾಕಾ ಕಾಣುವುದು ಹೆಚ್ಚಾಗಿ ಚುನಾವಣೆಗೆ. 2023ರ ಮೇ ತಿಂಗಳಲ್ಲಿ ಕರ್ನಾಟಕದ್ದು, ಅದೇ ವರ್ಷದ ನವೆಂಬರಿನಲ್ಲಿ ತೆಲಂಗಾಣದ್ದು, 2024ರ ಮೇ ತಿಂಗಳಲ್ಲಿ ಎರಡೂ ಕಡೆ ಲೋಕಸಭೆಯದ್ದು. ಸುಮಾರು ಒಂದು ವರ್ಷದಲ್ಲಿ ಮೂರು ಚುನಾವಣೆ. ಒಂದೊಂದು ಸಲಕ್ಕೂ ನೀತಿ ಸಂಹಿತೆ, ಒಂದೊಂದು ಸಲಕ್ಕೂ ನಾಕಾ. 50,000 ರೂಪಾಯಿಗಿಂತ ಹೆಚ್ಚು ನಗದು ಇದ್ದರೆ ದಾಖಲೆ ತೋರಿಸಬೇಕು. ತಾಂಡೂರಿನ ಪೇಟೆಗೆ ತೊಗರಿ ಹಾಕಿ ರೊಕ್ಕ ಎಣಿಸಿಕೊಂಡು ಮರಳುವ ಚಿಂಚೋಳಿಯ ರೈತನ ಬಳಿ ಇರುವ ದಾಖಲೆ ಒಂದೇ, ಅಡತಿ ಅಂಗಡಿಯವರು ಕೊಟ್ಟ ಪಟ್ಟಿ. ಅದು ಇರುವುದು ತೆಲುಗಿನಲ್ಲಿ. ಮಿರಿಯಾಣದ ದಾರಿಯಲ್ಲಿ ಟಾರ್ಚು ಬಿಟ್ಟು ಅದನ್ನು ಓದಬೇಕಾದವರು ಕನ್ನಡದವರು. ಹಿಂದೆ ಇನ್ನೂ ನಾಲ್ಕು ಗಾಡಿ ನಿಂತಿರುತ್ತವೆ.