ಹಿಮ್ಮೇಳಕ್ಕೂ ಒಂದು ಹೆಸರಿದೆ

ಆಕಾಶವಾಣಿಯಲ್ಲಿ ಚಿತ್ರಗೀತೆಯೊಂದು ಪ್ರಸಾರವಾಗುವಾಗ ಚಿತ್ರದ ಹೆಸರು, ಗೀತರಚನಕಾರರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಹಾಡಿದವರ ಹೆಸರು ಹೇಳುವುದು ವಾಡಿಕೆ. ಆದರೆ ಮೊದಲ ಪದ ಕಿವಿಗೆ ಬೀಳುವ ಮುನ್ನವೇ ನಮ್ಮ ಮನಸ್ಸನ್ನು ಸೆಳೆದುಕೊಂಡ ಆ ಗಿಟಾರ್ ಯಾರದು? ಪಲ್ಲವಿಗೂ ಚರಣಕ್ಕೂ ನಡುವೆ ಹರಿದ ಆ ಪಿಟೀಲುಗಳು ಯಾರವು? ಹಾಡು ಮೂರು ತಲೆಮಾರಿಗೆ ಬಾಯಿಪಾಠವಾಗಿದೆ. ನುಡಿಸಿದವರ ಹೆಸರು ಒಬ್ಬರಿಗೂ ತಿಳಿಯದು.

ಈ ಪ್ರಶ್ನೆಯನ್ನೇ ಕೇಳಿದ ಸಾಕ್ಷ್ಯಚಿತ್ರ 'ದಿ ರೆಕಿಂಗ್ ಕ್ರೂ'. 1960ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಬೀಚ್ ಬಾಯ್ಸ್ ಮೊದಲಾದ ಜನಪ್ರಿಯ ತಂಡಗಳ ಧ್ವನಿಮುದ್ರಿಕೆಗಳಿಗೆ ನಿಜವಾಗಿ ವಾದ್ಯ ನುಡಿಸಿದವರ ಕಥೆ ಇದು. ಡ್ರಮ್ಸ್ ವಾದಕ ಹಾಲ್ ಬ್ಲೇನ್, ಬಾಸ್ ಗಿಟಾರಿನ ಕ್ಯಾರಲ್ ಕೇ, ಗಿಟಾರ್ ವಾದಕ ಟಾಮಿ ಟೆಡೆಸ್ಕೊ ಅವರಲ್ಲಿ ಪ್ರಮುಖರು. ಟಾಮಿಯವರು ಕ್ಯಾನ್ಸರಿಗೆ ತುತ್ತಾದಾಗ, 1996ರಲ್ಲಿ, ಅವರ ಮಗ ಡೆನ್ನಿ ಚಿತ್ರೀಕರಣ ಆರಂಭಿಸಿದರು. ಮರುವರ್ಷ ತಂದೆ ತೀರಿಕೊಂಡರು. ಚಿತ್ರ ಮೊದಲು ಪ್ರದರ್ಶನಗೊಂಡದ್ದು 2008ರಲ್ಲಿ. ಚಿತ್ರಮಂದಿರಗಳಿಗೆ ಬಂದದ್ದು 2015ರಲ್ಲಿ. ಕಾರಣ ವಿಚಿತ್ರವಾದುದು: ತಂದೆ ಮತ್ತು ಅವರ ಸಂಗಡಿಗರು ನುಡಿಸಿದ ಹಾಡುಗಳನ್ನು ಬಳಸಲು ಮಗನು ಅವುಗಳ ಹಕ್ಕುದಾರ ಕಂಪನಿಗಳಿಗೆ ಶುಲ್ಕ ತೆರಬೇಕಾಗಿತ್ತು, ಆ ಹಣ ಹೊಂದಿಸಲು ವರ್ಷಗಳೇ ಹಿಡಿದವು.

ಇದು ದೂರದ ಊರಿನ ಮಾತಷ್ಟೇ ಅಲ್ಲ. ಬಹುಕಾಲ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಮುದ್ರಣಗೊಳ್ಳುತ್ತಿದ್ದುದು ಮದರಾಸಿನಲ್ಲಿ. 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972) ಚಿತ್ರಗಳಿಗೆ ಸಂಗೀತ ನೀಡಿದ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕುಳಿತು, ಅವರ ಸಹಾಯಕರಾಗಿ ದುಡಿದ ತರುಣರೊಬ್ಬರಿದ್ದರು. 1976ರಲ್ಲಿ 'ಅನ್ನಕ್ಕಿಳಿ' ಎಂಬ ತಮಿಳು ಚಿತ್ರದೊಡನೆ ನಾಡು ಅವರನ್ನು ಇಳಯರಾಜ ಎಂದು ಗುರುತಿಸಿತು. ಮುಂದೆ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಅವರೂ ವೆಂಕಟೇಶರ ಸಹಾಯಕರಾಗಿದ್ದವರೇ. ಈ ಇಬ್ಬರೂ ಮುಂದಿನ ಸಾಲಿಗೆ ಬಂದುದರಿಂದ ನಾವು ಅವರನ್ನು ಬಲ್ಲೆವು. ಅವರ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೊನೆಯವರೆಗೂ ಕುಳಿತೇ ಇದ್ದವರ ಗತಿಯೇನು? ಅಂದು ಗಾಯಕರೂ ವಾದಕರೂ ಒಟ್ಟಾಗಿ ಸೇರಿ ನುಡಿಸಬೇಕಿತ್ತು. ಒಬ್ಬರ ಬೆರಳು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕಿತ್ತು. ಅಂಥ ಏಕಾಗ್ರತೆಗೆ ದೊರೆಯುತ್ತಿದ್ದುದು ಕಾಲ್‌ಷೀಟಿನ ಲೆಕ್ಕದ ಸಂಭಾವನೆ. ಗ್ರಾಮಫೋನ್ ತಟ್ಟೆಯ ಪುಟ್ಟ ಚೀಟಿಯಲ್ಲಿ ಅವರಿಗೆ ಜಾಗವಿರಲಿಲ್ಲ.

ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ ಈ ಅಜ್ಞಾತ ಸಾಲಿನ ಬಹುಮಂದಿ ಗೋವೆಯ ಕಥೋಲಿಕರು. ಗೋವೆಯ ಧರ್ಮಕೇಂದ್ರಗಳ ಶಾಲೆಗಳು ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದವು. ಪೂಜಾವಿಧಿಗಾಗಿ ಕಲಿತ ವಿದ್ಯೆ ಸ್ಟುಡಿಯೋದಲ್ಲಿ ಅನ್ನವಾಯಿತು. ಶಂಕರ್-ಜೈಕಿಶನ್ ಅವರ ರಾಗಗಳಿಗೆ ವಾದ್ಯಸಂಯೋಜನೆ ಮಾಡಿದವರು ಸೆಬಾಸ್ಟಿಯನ್ ಡಿಸೋಜ. 1977ರ 'ಅಮರ್ ಅಕ್ಬರ್ ಆಂಥೊನಿ' ಚಿತ್ರದ ಆಂಥೊನಿ ಗೊನ್ಸಾಲ್ವಿಸ್ ಎಂಬ ಪಾತ್ರದ ಹೆಸರನ್ನು ಕೇಳಿ ನಕ್ಕವರೆಷ್ಟೋ ಮಂದಿ. ಅದು ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಗುರುವಿನ ಹೆಸರೆಂಬುದು ಕೆಲವರಿಗಷ್ಟೇ ಗೊತ್ತಿತ್ತು. ಆ ಗುರು 2012ರಲ್ಲಿ ನಿಧನರಾದರು. ಅವರನ್ನು ಕುರಿತು ಅಶೋಕ್ ರಾಣೆಯವರು ಸಾಕ್ಷ್ಯಚಿತ್ರವೊಂದನ್ನು ನಿರ್ದೇಶಿಸಿದ್ದಾರೆ.

ನಮ್ಮ ಬೆಂಗಳೂರು ದಂಡಿನ ನೆಲವೂ ಇಂಥದೇ. 1809ರಲ್ಲಿ ದಂಡು ನೆಲೆಯೂರಿದಂದಿನಿಂದ ಸೈನ್ಯದ ಬ್ಯಾಂಡುಗಳೂ ದೇವಾಲಯಗಳ ಗಾನವೃಂದಗಳೂ ಇಲ್ಲಿ ಸ್ವರಲಿಪಿಯ ಪಾಠಶಾಲೆಗಳಾದವು. ಶಿವಾಜಿನಗರ, ಹಲಸೂರುಗಳ ಓಣಿಗಳಲ್ಲಿ ಪಿಟೀಲು, ತುತ್ತೂರಿ, ಗಿಟಾರುಗಳಿದ್ದ ಮನೆಗಳು ಅಪರೂಪವಾಗಿರಲಿಲ್ಲ. ಮದುವೆಗೆ, ಶವಯಾತ್ರೆಗೆ, ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ನುಡಿಸಿದವರು ಇಂಥ ಮನೆಗಳವರೇ.

ನಮ್ಮ ನಾಡಿನ ಸಂಪ್ರದಾಯವಾದರೋ ಹಿಂದೆ ಕುಳಿತವರನ್ನು ಮರೆಯಲು ಕಲಿಸಿಲ್ಲ. ಯಕ್ಷಗಾನದಲ್ಲಿ ಹಿಮ್ಮೇಳವು ರಂಗಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಕೂರುತ್ತದೆ; ಭಾಗವತರನ್ನೇ ಮೊದಲ ವೇಷವೆಂದು ಗೌರವಿಸುತ್ತಾರೆ. ಸಂಗೀತ ಕಚೇರಿಯ ಆಹ್ವಾನಪತ್ರದಲ್ಲಿ ಪಕ್ಕವಾದ್ಯದವರ ಹೆಸರು ಅಚ್ಚಾಗುತ್ತದೆ. ತನಿ ಆವರ್ತನದಲ್ಲಿ ಗಾಯಕರೇ ಸುಮ್ಮನೆ ಕುಳಿತು ತಾಳ ಹಾಕುತ್ತಾರೆ. ಹಿಮ್ಮೇಳವನ್ನು ಗೋಡೆಯಾಚೆ ಕಳುಹಿಸಿದ್ದು ಧ್ವನಿಮುದ್ರಣ ಯಂತ್ರ. ನಾವು ಆ ಗೋಡೆಗೆ ಒಗ್ಗಿಹೋದೆವು.

"ವಾದಕನು ನಿರ್ದೇಶಕನ ಕೈಯ ಉಪಕರಣವಷ್ಟೇ, ಹಣ ಕೊಟ್ಟ ಮೇಲೆ ಋಣವೇನು?" ಎಂದು ಕೇಳುವವರುಂಟು. ಸಂತ ತೋಮಾಸ ಅಕ್ವಿನಾಸರು ಉಪಕರಣ ಕಾರಣದ ಬಗ್ಗೆ ವಿಚಾರ ಮಾಡುವಾಗ ಕೊಡಲಿಯ ದೃಷ್ಟಾಂತ ಕೊಡುತ್ತಾರೆ. ಮಂಚದ ರೂಪ ಬರುವುದು ಬಡಗಿಯ ಕಲೆಯಿಂದ. ಆದರೆ ಕೊಯ್ಯುವುದು ಕೊಡಲಿಯ ಸ್ವಂತ ಹರಿತದಿಂದ. ಆ ಹರಿತ ಕೆಲಸ ಮಾಡದಿದ್ದರೆ ಬಡಗಿಯ ಕಲ್ಪನೆ ಮಂಚವಾಗದು. ನಿರ್ಜೀವ ಕೊಡಲಿಗೇ ಅದರದೇ ಆದ ಪಾಲುಂಟೆಂದ ಮೇಲೆ, ಬಾಲ್ಯದಿಂದ ಬೆರಳು ಸವೆಸಿ ಹರಿತವನ್ನು ಸಂಪಾದಿಸಿಕೊಂಡ ಮನುಷ್ಯನ ಪಾಲು ಎಷ್ಟಿರಬೇಡ! ಸಂಭಾವನೆ ಅವನು ಕಳೆದ ಹೊತ್ತಿನ ಬೆಲೆ. ಹೆಸರು ಅವನ ವ್ಯಕ್ತಿತ್ವದ ಋಣ. ಒಂದನ್ನು ಕೊಟ್ಟರೆ ಇನ್ನೊಂದು ತೀರುವುದಿಲ್ಲ.

ಹೆಸರಿನ ಮಾತು ಬರಿಯ ಭಾವುಕತೆಯಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿ ಪ್ರದರ್ಶಕರಿಗೆ, ಅವರಲ್ಲಿ ವಾದಕರಿಗೂ, ಹಕ್ಕು ನೀಡಿತು. 2012ರ ತಿದ್ದುಪಡಿ ತನ್ನನ್ನು ಪ್ರದರ್ಶಕನೆಂದು ಗುರುತಿಸಬೇಕೆಂದು ಕೇಳುವ ಹಕ್ಕನ್ನು ಸೇರಿಸಿತು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಷರತ್ತಿದೆ: ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಮಾತ್ರ ಪಾಲ್ಗೊಂಡವನ ಹೆಸರನ್ನು ಉದ್ಯಮದ ವಾಡಿಕೆಯಂತೆ ಎಲ್ಲಿಯೂ ನಮೂದಿಸದಿದ್ದರೆ, ಬಹುಮಟ್ಟಿಗೆ ಅವನು ಪ್ರದರ್ಶಕನೇ ಅಲ್ಲ. ತರ್ಕಶಾಸ್ತ್ರ ಓದಿದವರಿಗೆ ಇಲ್ಲಿ ಚಕ್ರಕ ದೋಷದ ವಾಸನೆ ಬಡಿಯದಿರದು. ಹೆಸರಿಲ್ಲದ್ದರಿಂದ ಹಕ್ಕಿಲ್ಲ, ಹಕ್ಕಿಲ್ಲದ್ದರಿಂದ ಹೆಸರು ಕೇಳುವಂತಿಲ್ಲ. ನಾಲ್ಕಕ್ಷರ ಅಚ್ಚು ಮಾಡದ ಉದಾಸೀನ ಒಂದು ಕುಟುಂಬದ ಆದಾಯವನ್ನೇ ತಟ್ಟಬಲ್ಲದು.

ಗೋಡೆಯನ್ನು ಕೆಡವುವುದು ಅಸಾಧ್ಯವೇನಲ್ಲ. ತಾವೇ ಕೀಬೋರ್ಡ್ ವಾದಕರಾಗಿ ಹಿಂದಿನ ಸಾಲಿನಲ್ಲಿ ದುಡಿದಿದ್ದ ಎ.ಆರ್. ರೆಹಮಾನ್ ತಮ್ಮ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ವಾದಕರ ಹೆಸರುಗಳನ್ನು ಅಚ್ಚು ಮಾಡಿಸಿದರು. ಖರ್ಚಾದದ್ದು ಕೆಲವು ಸಾಲುಗಳ ಮಸಿ ಮಾತ್ರ.

ನಮ್ಮ ಧರ್ಮಕೇಂದ್ರಗಳೂ ಇಷ್ಟನ್ನು ಮಾಡಬಲ್ಲವು. ಭಕ್ತಿಗೀತೆಗಳ ಧ್ವನಿಮುದ್ರಿಕೆ ಹೊರತರುವಾಗ ಪ್ರಾಯೋಜಕರ ಹೆಸರಿನೊಡನೆ ತಬಲಾದವರ ಹೆಸರೂ ಇರಲಿ. ಜುಬಿಲಿಯ ಸ್ಮರಣ ಸಂಚಿಕೆಯಲ್ಲಿ ಗಾನವೃಂದದ ಚಿತ್ರದ ಕೆಳಗೆ "ಗಾನವೃಂದದವರು" ಎಂದಷ್ಟೇ ಬರೆದು ಮುಗಿಸದಿರೋಣ. ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಯಾವ ಮನೆಯಲ್ಲಾದರೂ ವಯಸ್ಸಾದ ವಾದಕರಿದ್ದರೆ, ಅವರು ಎಲ್ಲಿ, ಯಾವಾಗ, ಯಾವ ಹಾಡಿಗೆ ನುಡಿಸಿದರೆಂಬುದನ್ನು ಮಕ್ಕಳು, ಮೊಮ್ಮಕ್ಕಳು ಕೇಳಿ ಬರೆದಿಡಲಿ. ಡೆನ್ನಿಗೆ ತಂದೆಯೊಡನೆ ದೊರೆತದ್ದು ಒಂದೇ ವರ್ಷ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಧನಿಕನ ಮಗುವಿಗೂ ಕೂಲಿಯವನ ಮಗುವಿಗೂ ಒಂದೊಂದು ಸಾಲಿದೆ. ಆ ಪುಸ್ತಕದಲ್ಲಿ ಹೆಸರು ಬರೆಸಿಕೊಂಡ ಮಗು ಬೆಳೆದು ಪಿಟೀಲು ಹಿಡಿದಾಗ, ಆ ಹೆಸರು ಅಳಿಸಿಹೋಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.