ಶಾಸನಕ್ಕೆ 172 ವರ್ಷ, ನಂಬಿಕೆಗೆ ಒಂದೇ ಜನ್ಮ

ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟ 1604ರದ್ದು. ಎರಡಕ್ಕೂ ಶಾಸನ ಇದೆ. ನಡುವೆ 172 ವರ್ಷ.

ಈಗ ತುಳುವರ ಜನಪದ ಕಥನಗೀತೆ, ಅಂದ್ರೆ ಪಾಡ್ದನ, ಏನು ಹೇಳುತ್ತೆ ನೋಡಿ. ಎರಡನ್ನೂ ಕೆತ್ತಿದವನು ಒಬ್ಬನೇ, ಬೀರ ಕಲ್ಕುಡ! ಇಂಥ ಮೂರ್ತಿಯನ್ನು ಬೇರೆ ಯಾರಿಗೂ ಮಾಡಿಕೊಡಬಾರದು ಅಂತ ಕಾರ್ಕಳದ ಭೈರರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಬಿಡಲಿಲ್ಲ. ವೇಣೂರಿಗೆ ಬಂದು, ಅಜಿಲ ಅರಸನಿಗಾಗಿ ಉಳಿದ ಒಂದೇ ಕೈಯಲ್ಲಿ ಇನ್ನೊಬ್ಬ ಗೊಮ್ಮಟನನ್ನು ಎಬ್ಬಿಸಿದ. ತಂಗಿ ಕಲ್ಲುರ್ಟಿ ಕೆರಳಿದಳು. ಅಣ್ಣ-ತಂಗಿ ಇಬ್ಬರೂ ಮಾಯವಾಗಿ ದೈವಗಳಾದರು, ಭೈರರಸನ ಮೇಲೆ ಸೇಡು ತೀರಿಸಿಕೊಂಡರು.

ಬಂಟ್ವಾಳ ತಾಲೂಕಿನ ಪಣೋಲಿಬೈಲಿಗೆ ಹೋಗಿ. ಮನೆಯಲ್ಲಿ ಕಳ್ಳತನ ಆದವರು, ಕಾಯಿಲೆ ಬಿದ್ದವರು, ಕಲ್ಲುರ್ಟಿಗೆ ಅಗೆಲು ಅನ್ನೋ ಎಡೆಯ ಹರಕೆ ಹೊತ್ತು ಬಂದಿರ್ತಾರೆ. ಅವರ್ಯಾರೂ ಇಸವಿ ಕೇಳಲ್ಲ.

ಹಾಗಾದ್ರೆ ಕತೆ ಸುಳ್ಳಾ? ಮೂರ್ತಿ ನಿಲ್ಲಿಸಿದ ಅರಸರ ಹೆಸರು ಶಾಸನದಲ್ಲಿದೆ: ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ, ವೇಣೂರಿನಲ್ಲಿ ತಿಮ್ಮಣ್ಣ ಅಜಿಲ. ಉಳಿ ಹಿಡಿದವನ ಪಾಡು ಮಾತ್ರ ಪಾಡ್ದನದಲ್ಲಿದೆ. ನನಗಂತೂ ಎರಡೂ ಬೇಕು.

ಉಳಿ ಹಿಡಿದವನು ಒಬ್ಬನೇನಾ? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅಷ್ಟು ಕಂಬ ಕಡೆಯೋಕೆ ಎಷ್ಟು ಕೈಗಳು ಬೇಕಾಗಿತ್ತು, ಯೋಚಿಸಿ. ಹಾಗೆ ತಲೆಮಾರುಗಟ್ಟಲೆ ಕಲ್ಲು ಹೊಡೆದವರೆಲ್ಲ ಜನರ ಬಾಯಲ್ಲಿ ಒಬ್ಬ ಕಲ್ಕುಡ ಆಗಿರಬಹುದು. ಇದು ನನ್ನ ಊಹೆ. ಕೋಲ ನಡೆಯುವಾಗ ದೈವದ ಮುಂದೆ ಈ ವಾದ ತೆಗೀಬೇಡಿ, ಅಷ್ಟೆ!