ಬುಟ್ಟಿಯಾಗಿ ಬೆಳೆಯುವ ಬಳ್ಳಿ

ದ್ರಾಕ್ಷಿಯ ತೋಟವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಚಪ್ಪರ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ಚಪ್ಪರವನ್ನು ಹುಡುಕಿದವರಿಗೆ ನಿರಾಶೆಯೇ ಗತಿ. ಬೂದುಬಣ್ಣದ ನೆಲದ ಮೇಲೆ ಯಾರೋ ಹಸಿರು ಬುಟ್ಟಿಗಳನ್ನು ಇಟ್ಟು ಮರೆತುಹೋದಂತೆ ತೋರುವುದು. ಅವೇ ಬಳ್ಳಿಗಳು. ಹಣ್ಣು ಬಿಳಿಯ ಜಾತಿಯದು, ಹೆಸರು ಅಸೀರ್ಟಿಕೊ.

ಈಜಿಯನ್ ಸಮುದ್ರದ ಈ ದ್ವೀಪವು ಒಂದು ಜ್ವಾಲಾಮುಖಿಯ ಅಳಿದುಳಿದ ಅಂಚು. ಸುಮಾರು 3,600 ವರ್ಷಗಳ ಹಿಂದೆ ಅದು ಸಿಡಿದಾಗ ಉಳಿದ ನೆಲವೆಲ್ಲ ಬೂದಿಯಲ್ಲಿಯೂ ಹಗುರವಾದ ನೊರೆಗಲ್ಲಿನಲ್ಲಿಯೂ ಹೂತುಹೋಯಿತು. ಮಳೆ ಅತ್ಯಲ್ಪ. ಬೇಸಗೆಯಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಬಿರುಗಾಳಿ. ಇಲ್ಲಿ ಚಪ್ಪರ ನಿಲ್ಲುವುದೆಂತು? ಆದುದರಿಂದ ರೈತನು ವರ್ಷವರ್ಷವೂ ಬಳ್ಳಿಯನ್ನು ಸವರಿ, ಉಳಿಸಿದ ಕಡ್ಡಿಗಳನ್ನು ಒಂದರೊಳಗೊಂದು ಹೆಣೆದು ನೆಲದ ಮೇಲೆಯೇ ಬಳೆಯಂತೆ ಸುತ್ತುತ್ತಾನೆ. ಇದಕ್ಕೆ ಅವರ ನುಡಿಯಲ್ಲಿ ‘ಕುಲೂರಾ’ ಎಂದು ಹೆಸರು. ಗೊಂಚಲುಗಳು ಒಳಗೆ, ಎಲೆಗಳು ಮೇಲೆ. ಗಾಳಿಯ ಮರಳಾಗಲಿ ಸುಡುಬಿಸಿಲಾಗಲಿ ಹಣ್ಣನ್ನು ಸುಲಭವಾಗಿ ತಾಕವು. ಕಡಲಿನಿಂದ ಬರುವ ಮಂಜಿನ ತೇವವನ್ನು ನೊರೆಗಲ್ಲು ಹೀರಿಟ್ಟುಕೊಳ್ಳುವುದು. ಬುಟ್ಟಿಯು ಎಪ್ಪತ್ತೆಂಬತ್ತು ವರ್ಷ ಕಂಡು ಮುದಿಯಾದಾಗ ಅದನ್ನು ಬುಡದಲ್ಲಿ ಕಡಿಯುತ್ತಾರೆ. ಹಳೆಯ ಬೇರೇ ಮತ್ತೆ ಚಿಗುರುವುದು. ನೂರಾರು ವರ್ಷ ಬಾಳಿದ ಬೇರುಗಳು ಅಲ್ಲಿ ಉಂಟು.

ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರ ಎಂಬ ಬೇರುಹೇನು ಯೂರೋಪಿನ ತೋಟಗಳನ್ನು ಹಾಳುಗೆಡವಿತು. ಜೇಡಿಯ ಅಂಶವಿಲ್ಲದ ಈ ನೆಲದಲ್ಲಿ ಮಾತ್ರ ಅದರ ಆಟ ಸಾಗಲಿಲ್ಲ. ಮಿಕ್ಕವರು ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ತೋಟ ಉಳಿಸಿಕೊಂಡರೆ, ಅಸೀರ್ಟಿಕೊ ಇಲ್ಲಿ ಇಂದಿಗೂ ಸ್ವಂತ ಬೇರಿನ ಮೇಲೆ ನಿಂತಿದೆ.

ವೈನನ್ನು ಸವಿದು ಬರೆಯುತ್ತಿರುವೆನೆಂದು ವಾಚಕರು ಭಾವಿಸಬಾರದು. ನನ್ನನ್ನು ಸೆಳೆದದ್ದು ಬಳ್ಳಿಯ ಹಟ. ಬಿಸಿಲುನಾಡಿನ ಹಣ್ಣು ಮಾಗಿದಂತೆಲ್ಲ ಹುಳಿಯನ್ನು ಕಳೆದುಕೊಳ್ಳುವುದು ವಾಡಿಕೆ. ಅಸೀರ್ಟಿಕೊ ಮಾಗಿಯೂ ಹುಳಿಯನ್ನು ಬಿಡದು. ಅದರ ವೈನಿಗೆ ಕೀರ್ತಿ ಬಂದುದು ಇದರಿಂದಲೇ. ಹಣ್ಣನ್ನು ಸುಮಾರು ಎರಡು ವಾರ ಬಿಸಿಲಿಗೆ ಹರವಿ, ರಸ ತೆಗೆದು, ಎರಡು ವರ್ಷವಾದರೂ ಪೀಪಾಯಿಯಲ್ಲಿಟ್ಟು ಮಾಡುವ ‘ವಿನ್‌ಸಾಂಟೊ’ ಬಹು ಸಿಹಿ. ಅದೂ ಮೊಗ ಮುರಿಯುವಂತಾಗದಿರುವುದು ಈ ಹುಳಿಯ ದೆಸೆಯಿಂದ. ಹಿಂದೆ ಅದು ರಷ್ಯದ ಇಗರ್ಜಿಗಳವರೆಗೂ ಹೋಗುತ್ತಿತ್ತು.

1956ರ ಜುಲೈ ತಿಂಗಳ ಭೂಕಂಪದಲ್ಲಿ ಮನೆಗಳು ಉರುಳಿ ಅನೇಕರು ದ್ವೀಪವನ್ನೇ ತೊರೆದರು. ಬಳ್ಳಿ ಜಗ್ಗಲಿಲ್ಲ. ಈಗ ಅದರ ಎದುರು ನಿಂತಿರುವವನು ಪ್ರವಾಸಿ. ಹೋಟೆಲು ಕಟ್ಟುವವನು ನೆಲಕ್ಕೆ ಕೊಡುವ ಬೆಲೆಯನ್ನು ದ್ರಾಕ್ಷಿ ಕೊಡಲಾರದು. ತೋಟಗಳು ವರ್ಷೇವರ್ಷೇ ಕಿರಿದಾಗುತ್ತಿವೆ. ಮೇಲಾಗಿ 2023 ಮತ್ತು 2024ರಲ್ಲಿ ಫಸಲು ತೀರ ಕುಗ್ಗಿತು. ಬುಟ್ಟಿ ಹೆಣೆಯುವ ಕೆಲಸಕ್ಕೆ ಯಂತ್ರ ಬಾರದು. ಚಳಿಗಾಲದಲ್ಲಿ ನೆಲದ ಮಟ್ಟಕ್ಕೆ ಬಾಗಿ, ಕಡ್ಡಿ ಮುರಿಯದಂತೆ ಸುತ್ತಬಲ್ಲ ಕೈಗಳು ಬೇಕು. ಅಂಥ ಕೈಗಳಿಗೂ ಈಗ ವಯಸ್ಸಾಗಿದೆ.